ಕುದುರೆ ದಾರಿ ಬಿಟ್ಟ ಮೇಲೆ



ಇಂಗ್ಲೆಂಡಿನ ದಕ್ಷಿಣ ತೀರದ ಹತ್ತಿರ, ಹ್ಯಾಂಪ್‌ಶೈರ್ ಸೀಮೆಯಲ್ಲಿ, ಬ್ರಾಕನ್‌ಹರ್ಸ್ಟ್ ಅಂತ ಒಂದು ಊರು. ಊರಿನ ಅಂಗಡಿಬೀದಿ ಮುಗಿಯುವಲ್ಲಿ ರಸ್ತೆಯ ಮೇಲೇ ಒಂದು ಹಳ್ಳ ಹರಿಯುತ್ತದೆ. ನಡೆಯುವವರಿಗೆ ಪಕ್ಕದಲ್ಲಿ ಕಾಲುಸಂಕ ಉಂಟು. ಗಾಡಿಗಳು ನೀರು ಚಿಮ್ಮಿಸಿಕೊಂಡೇ ದಾಟಬೇಕು. ಹೋದ ಸೆಪ್ಟೆಂಬರಿನ ಮೂರನೇ ವಾರ, ಒಂದು ಬೆಳಿಗ್ಗೆ ಬಾಡಿಗೆ ಸೈಕಲ್ ಹತ್ತಿ ನಾನು ಅಲ್ಲಿಗೆ ಬಂದರೆ, ಹಳ್ಳದ ನಟ್ಟನಡುವೆ ಕಂದು ಬಣ್ಣದ ಒಂದು ಹೆಣ್ಣುಕುದುರೆ ಗೊರಸು ಮುಳುಗುವಷ್ಟು ನೀರಿನಲ್ಲಿ ನಿಂತಿದೆ. ಆಚೆ ಎರಡು ಕಾರು, ಈಚೆ ಒಂದು ವ್ಯಾನು, ಅದರ ಹಿಂದೆ ನಾನು. ಯಾರೂ ಹಾರ್ನ್ ಮಾಡಲಿಲ್ಲ. ನಾನು, ಊರ ಬುದ್ಧಿ ನೋಡಿ, ಟ್ರಿಣ್ ಟ್ರಿಣ್ ಅಂತ ಬೆಲ್ ಹೊಡೆದೆ. ಕುದುರೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. ವ್ಯಾನಿನ ಹುಡುಗ ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕ. ಮೂರೋ ನಾಲ್ಕೋ ನಿಮಿಷ ಕಳೆದ ಮೇಲೆ, ತನಗೆ ಸಾಕೆನಿಸಿದಾಗ ಅದು ಹೊರಟಿತು. ಆಮೇಲೆ ಕಾರು, ಆಮೇಲೆ ವ್ಯಾನು, ಕಡೆಗೆ ನಾನು. ನ್ಯೂ ಫಾರೆಸ್ಟ್ ಎಂಬ ಆ ಕಾಡುಸೀಮೆಯಲ್ಲಿ ದಾರಿ ಯಾರದು ಅನ್ನುವುದು ನನಗೆ ತಿಳಿದದ್ದು ಹಾಗೆ.

ಮಗಳು ಸೌತಾಂಪ್ಟನ್ನಿನಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿಂದ ಬ್ರಾಕನ್‌ಹರ್ಸ್ಟಿಗೆ ರೈಲಿನಲ್ಲಿ ಇಪ್ಪತ್ತು ನಿಮಿಷ. ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದಾದರೆ ಒಂದೂವರೆ ತಾಸು. ಅವಳಿಗೆ ರಜೆ ಇರಲಿಲ್ಲ, ನನಗೆ ಕೆಲಸ ಇರಲಿಲ್ಲ. ಶಿರಸಿ ಕಡೆಯ ಹಳ್ಳಿಯವನು ನಾನು. ಮೇಷ್ಟ್ರ ಕೆಲಸದ ಮೂವತ್ತು ವರ್ಷದಲ್ಲಿ ಇಪ್ಪತ್ತು ವರ್ಷ ಶಾಲೆಗೆ ಹೋಗಿಬಂದದ್ದು ಸೈಕಲ್ಲಿನ ಮೇಲೇ. ಮೂರು ದಿನ ಕಾಡು ಸುತ್ತಿ ಬರುತ್ತೇನೆ ಅಂದೆ. ಮಗಳು ಹೆಲ್ಮೆಟ್ಟು ಕೊಡಿಸಿದಳು, ಬಿಸ್ಕತ್ತು ತುಂಬಿಸಿದಳು, ಪಂಕ್ಚರ್ ಸಾಮಾನಿನ ಡಬ್ಬಿ ಕೈಗಿಟ್ಟಳು. ಆ ಡಬ್ಬಿಯನ್ನು ನಾನು ಮೇಜಿನ ಮೇಲೆ ಬಿಟ್ಟುಬಂದೆ. ಆ ಕತೆ ಮುಂದೆ ಬರುತ್ತದೆ.

ನ್ಯೂ ಫಾರೆಸ್ಟ್ ಅಂದರೆ ಹೊಸ ಕಾಡು. ಅದು ಹೊಸದಾಗಿದ್ದದ್ದು 1079ರಲ್ಲಿ. ನಾರ್ಮಂಡಿಯಿಂದ ಬಂದು ಇಂಗ್ಲೆಂಡನ್ನು ಗೆದ್ದ ದೊರೆ ವಿಲಿಯಂ ತನ್ನ ಬೇಟೆಗೆಂದು ಈ ಸೀಮೆಯನ್ನು ಕಾದಿರಿಸಿಕೊಂಡ. ಅವನ ಕಾಲದ ಬಾಯಲ್ಲಿ ಫಾರೆಸ್ಟ್ ಅಂದರೆ ಮರಗಳ ಗುಂಪೆಂದು ಅರ್ಥವಿರಲಿಲ್ಲ. ದೊರೆಯ ಬೇಟೆಯ ಕಾನೂನು ನಡೆಯುವ ಜಾಗ ಅಂತ ಅರ್ಥ. ಮರವಿದ್ದರೂ ಫಾರೆಸ್ಟೇ, ಬರೀ ಬಯಲಿದ್ದರೂ ಫಾರೆಸ್ಟೇ. ಜಿಂಕೆಗಳು ಅಡ್ಡಿಯಿಲ್ಲದೆ ಓಡಾಡಬೇಕಲ್ಲ, ಹಾಗಾಗಿ ಒಳಗಿನ ರೈತರು ಹೊಲಕ್ಕೆ ಬೇಲಿ ಹಾಕುವಂತಿಲ್ಲ. ಬೇಲಿ ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ಅವರ ದನ, ಕುದುರೆ, ಹಂದಿಗಳಿಗೆ ಕಾಡಿನಲ್ಲಿ ಮೇಯುವ ಹಕ್ಕು. ದೊರೆಯ ಬೇಟೆ ಮುಗಿದು ಎಷ್ಟೋ ಶತಮಾನವಾಯಿತು. ಮೇವಿನ ಹಕ್ಕು ಇವತ್ತಿಗೂ ನಡೆದಿದೆ. 2005ರಲ್ಲಿ ಈ ಸೀಮೆಯೂ ಸೇರಿದ 566 ಚದರ ಕಿಲೋಮೀಟರನ್ನು ರಾಷ್ಟ್ರೀಯ ಉದ್ಯಾನ ಅಂತ ಘೋಷಿಸಿದಾಗಲೂ ಕುದುರೆಗಳನ್ನು ಯಾರೂ ಹೊರಗೆ ಕಳಿಸಲಿಲ್ಲ. ಐದು ಸಾವಿರದಷ್ಟು ಕುದುರೆಗಳು ಈಗಲೂ ಅಲ್ಲಿ ಅಡ್ಡಾಡಿಕೊಂಡಿವೆ. ನೋಡಿದವರು ಕಾಡುಕುದುರೆ ಅಂದುಕೊಳ್ಳುತ್ತಾರೆ. ಒಂದೊಂದಕ್ಕೂ ಒಡೆಯನಿದ್ದಾನೆ, ಮೈಮೇಲೆ ಅವನ ಮುದ್ರೆಯಿದೆ.

ಮೊದಲ ದಿನ ಹಳೆಯ ಮರಗಳ ದಿನ. ಇಂಗ್ಲೆಂಡಿನಲ್ಲಿ ಪುರಾತನ ಕಾಡು ಅನ್ನುವುದಕ್ಕೆ ಒಂದು ಲೆಕ್ಕವಿದೆ: 1600ನೇ ಇಸವಿಯಿಂದ ಈಚೆಗೆ ಕಡಿದು ಬಯಲಾಗದೆ ಕಾಡಾಗಿಯೇ ಉಳಿದ ಜಾಗ. ಬ್ರಾಕನ್‌ಹರ್ಸ್ಟಿನಿಂದ ಪಶ್ಚಿಮಕ್ಕೆ ಹೊರಟರೆ ಓಬರ್ ಎಂಬ ಹಳ್ಳದ ಬದಿಯಿಂದ ಜಲ್ಲಿಹಾದಿ ಶುರುವಾಗುತ್ತದೆ. ಅರಣ್ಯ ಇಲಾಖೆಯ ಲಾರಿಗಳಿಗಾಗಿ ಮಾಡಿದ ಹಾದಿ. ಸೈಕಲ್ಲಿಗೆಂದು ಗುರುತು ಹಾಕಿದ ಇಂಥ ದಾರಿಗಳು ಒಟ್ಟು ನೂರು ಮೈಲಿಗೂ ಹೆಚ್ಚಿವೆ. ದಾರಿ ಕವಲೊಡೆಯುವಲ್ಲೆಲ್ಲ ಮೊಣಕಾಲೆತ್ತರದ ಮರದ ಗೂಟ, ಅದರ ಮೇಲೊಂದು ನಂಬರು. ನಕ್ಷೆಯಲ್ಲೂ ಅದೇ ನಂಬರು. ಬೋರ್ಡಿಲ್ಲ, ಬಾಣವಿಲ್ಲ, ಸ್ವಾಗತ ಕಮಾನಂತೂ ಇಲ್ಲವೇ ಇಲ್ಲ. ಗೂಟ ತಪ್ಪಿಸಿಕೊಂಡರೆ ಒಂದು ಗಂಟೆ ದಂಡ. ನಾನು ಎರಡು ಸಲ ದಂಡ ಕಟ್ಟಿದೆ.

ರೈನ್‌ಫೀಲ್ಡ್ ಎಂಬಲ್ಲಿ ದಾರಿಯ ಎರಡೂ ಕಡೆ ಭಾರೀ ಸೂಜಿಮರಗಳು. 1859ರಲ್ಲಿ ನೆಟ್ಟ, ಅಮೆರಿಕ ಮೂಲದ ಡಗ್ಲಸ್ ಫರ್, ದೈತ್ಯ ಸಿಕೋಯಾ. ಕೆಲವು ಐವತ್ತು ಮೀಟರಿನಷ್ಟು ಎತ್ತರ ಬೆಳೆದಿವೆ. ಕಾರಿನವರು ಇಳಿದು ಕತ್ತು ಹಿಂದಕ್ಕೆ ಬಾಗಿಸಿ ಫೋಟೋ ತೆಗೆಯುತ್ತಾರೆ. ನನಗೆ ಅಷ್ಟೇನೂ ಅನಿಸಲಿಲ್ಲ. ನೆಟ್ಟ ಮರ ನೆಟ್ಟ ಹಾಗೆಯೇ ಕಾಣುತ್ತದೆ, ಅದೆಷ್ಟು ಎತ್ತರಕ್ಕೆ ಹೋದರೂ. ಹೆದ್ದಾರಿಯೊಂದನ್ನು ಜೋಪಾನವಾಗಿ ದಾಟಿ ಆಚೆ ಬದಿಗೆ ಹೋದೆ, ನೈಟ್‌ವುಡ್ ಓಕ್ ಇರುವಲ್ಲಿಗೆ.

ಈ ಓಕ್ ಮರಕ್ಕೆ ಐನೂರು ವರ್ಷ ದಾಟಿದೆ ಅನ್ನುತ್ತಾರೆ. ಬುಡದ ಸುತ್ತಳತೆ ಏಳು ಮೀಟರಿಗೂ ಹೆಚ್ಚು. ಬೇರು ತುಳಿದು ಸಾಯಿಸಬಾರದೆಂದು ಸುತ್ತ ಕಂಬಿ ಹಾಕಿದ್ದಾರೆ. ಎತ್ತರ ಅಂಥದ್ದೇನೂ ಇಲ್ಲ. ನೋಡಬೇಕಾದದ್ದು ಅದರ ಕತ್ತು. ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ಒಂದೇ ಬೊಡ್ಡೆ ಥಟ್ಟನೆ ಹತ್ತಾರು ಕೈಗಳಾಗಿ ಒಡೆದು ಮೇಲೆ ಹೋಗಿದೆ. ಮರ ತಾನಾಗಿ ಹೀಗೆ ಬೆಳೆಯುವುದಿಲ್ಲ. ಯಾವನೋ ಕೊಡಲಿ ಹಿಡಿದು ಜಿಂಕೆಯ ಬಾಯಿಗೆ ನಿಲುಕದಷ್ಟು ಎತ್ತರದಲ್ಲಿ ತಲೆ ಸವರಿದ್ದಾನೆ. ಚಿಗುರಿದ ಕೊಂಬೆಗಳನ್ನು ಸೌದೆಗೆ, ಸೊಪ್ಪಿಗೆ ಕೊಯ್ದಿದ್ದಾನೆ. ಮತ್ತೆ ಚಿಗುರಿದೆ, ಮತ್ತೆ ಕೊಯ್ದಿದ್ದಾನೆ. ಇದಕ್ಕೆ ಅವರು ಪೊಲಾರ್ಡ್ ಅನ್ನುತ್ತಾರೆ. ಅಡಿಕೆ ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನಬೆಟ್ಟದಲ್ಲಿ ಮತ್ತಿಯ ಮರ, ಹೊನ್ನೆಯ ಮರ ನೋಡಿದವರಿಗೆ ಈ ಆಕಾರ ಹೊಸದಲ್ಲ. ಹೀಗೆ ಸವರಿಸಿಕೊಂಡ ಮರ ಸವರಿಸಿಕೊಳ್ಳದ ಮರಕ್ಕಿಂತ ಹೆಚ್ಚು ಕಾಲ ಬದುಕುತ್ತದೆ, ತಲೆಭಾರ ಕಡಿಮೆ ನೋಡಿ.

1698ರಲ್ಲಿ ಈ ಸವರುವಿಕೆಯನ್ನು ಕಾನೂನು ನಿಷೇಧಿಸಿತು. ನೌಕಾಪಡೆಗೆ ಹಡಗು ಕಟ್ಟಲು ಉದ್ದ ಬೊಡ್ಡೆಯ ಓಕ್ ಬೇಕಿತ್ತು. ತಲೆ ಸವರಿದ ಮರದಿಂದ ಹಲಗೆ ಬರುವುದಿಲ್ಲ. ಆದ್ದರಿಂದ ನ್ಯೂ ಫಾರೆಸ್ಟಿನಲ್ಲಿ ಬಹುಕೈಯ ಓಕೋ ಬೀಚೋ ಕಂಡರೆ ಅದು ಹೆಚ್ಚಾಗಿ ಆ ವರ್ಷಕ್ಕಿಂತ ಹಿಂದಿನದು ಎಂದು ಗುರುತು. ಇದು ಗೊತ್ತಾದ ಮೇಲೆ ಸೈಕಲ್ ತುಳಿಯುವುದು ನಿಧಾನವಾಯಿತು. ಮಾರ್ಕ್ ಆಶ್ ಎಂಬ ಕಾಡಿನೊಳಗೆ ಬೀಚ್ ಮರಗಳ ಕೈ ಎಣಿಸುತ್ತ ಹೋದೆ. ಬಹಳಷ್ಟು ಮುಪ್ಪಾಗಿವೆ, ಕೆಲವು ಬಿದ್ದಿವೆ. ಬಿದ್ದದ್ದನ್ನು ಎತ್ತಿ ಒಯ್ಯುವುದಿಲ್ಲ, ಕೊಳೆಯಲು ಬಿಡುತ್ತಾರೆ. ಒಂದು ಬೊಡ್ಡೆಯ ಮೇಲೆ ಕೂತು ಬಿಸ್ಕತ್ತು ತಿಂದೆ. ತೊಗಟೆ ಕೈಗೆ ಹಪ್ಪಳದ ಹಾಗೆ ಎದ್ದುಬಂತು. ಒಳಗೆ ಪುಡಿಪುಡಿಯಾದ ಕೆಂಪು ಮರ, ಅದರ ತುಂಬ ಪೆನ್ಸಿಲ್ ತೂರುವಷ್ಟು ತೂತುಗಳು, ಜೀರುಂಡೆಯ ಮರಿಗಳು ತಿಂದದ್ದು. ಸುತ್ತ ಎಲ್ಲ ಮರಗಳ ಕೆಳಗಿನ ಎಲೆ ಕತ್ತರಿ ಹಿಡಿದು ನೇರಮಾಡಿದಂತೆ ಒಂದೇ ಮಟ್ಟದಲ್ಲಿ ನಿಂತಿತ್ತು. ಕುದುರೆಯೂ ಜಿಂಕೆಯೂ ಕತ್ತು ಚಾಚಿದರೆ ಸಿಗುವ ಮಟ್ಟ ಅದು. ಅದರ ಕೆಳಗೆ ಪೊದೆಯಿಲ್ಲ. ಕಣ್ಣು ಎಲ್ಲಿಯವರೆಗೋ ಹೋಗುತ್ತದೆ. ಮಲೆನಾಡಿನ ಕಾಡಿನಲ್ಲಿ ಹತ್ತು ಮಾರು ಆಚೆ ಕಾಣದೆ ಬೆಳೆದ ನನಗೆ ಕಾಡಿನೊಳಗೆ ಇಷ್ಟು ದೂರ ನೋಡಿ ಅಭ್ಯಾಸವಿಲ್ಲ. ಒಂಥರಾ ದೇವಸ್ಥಾನದ ಕಂಬಸಾಲೆಯಲ್ಲಿ ಸೈಕಲ್ ಹೊಡೆದಂತೆ ಸಂಕೋಚವಾಯಿತು.

ಹಡಗಿನ ಮಾತು ಬಂತಲ್ಲ. ಕಾಡಿನ ತೆಂಕಣ ಅಂಚಿನಲ್ಲಿ, ಬ್ಯೂಲಿ ನದಿಯ ದಂಡೆಯ ಬಕ್ಲರ್ಸ್ ಹಾರ್ಡ್ ಎಂಬಲ್ಲಿ ಈ ಓಕ್ ಮರಗಳಿಂದಲೇ ಯುದ್ಧನೌಕೆಗಳನ್ನು ಕಟ್ಟುತ್ತಿದ್ದರು. ಇಂಗ್ಲೆಂಡಿನ ನೌಕಾಸೇನಾನಿ ನೆಲ್ಸನ್ನನ ಅಚ್ಚುಮೆಚ್ಚಿನ ಅಗಮೆಮ್ನಾನ್ ನೌಕೆ 1781ರಲ್ಲಿ ನೀರಿಗಿಳಿದದ್ದು ಅಲ್ಲಿಂದ. ಒಂದು ನೌಕೆಗೆ ಸಾವಿರಗಟ್ಟಲೆ ಮರ. ಇಂಗ್ಲೆಂಡಿನ ಓಕ್ ಸಾಲದೆ ಬರುತ್ತಿದ್ದಂತೆ ಅವರ ಕಣ್ಣು ಮಲಬಾರ್, ಕೆನರಾದ ತೇಗದ ಮೇಲೆ ಬಿತ್ತು. 1806ರಲ್ಲಿ ಕಂಪನಿ ಸರ್ಕಾರ ಪಶ್ಚಿಮ ಕರಾವಳಿಯ ತೇಗದ ಉಸ್ತುವಾರಿಗೆ ಒಬ್ಬ ಅಧಿಕಾರಿಯನ್ನೇ ನೇಮಿಸಿತು. 1817ರಲ್ಲಿ ಬೊಂಬಾಯಿಯ ಹಡಗುಕಟ್ಟೆಯಲ್ಲಿ ತೇಗದಿಂದ ಕಟ್ಟಿದ ಟ್ರಿಂಕೋಮಲೀ ನೌಕೆ ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ಬಂದರಿನಲ್ಲಿ ತೇಲುತ್ತ ನಿಂತಿದೆ. ನೈಟ್‌ವುಡ್ ಓಕ್ ಉಳಿದದ್ದು ಅದು ಹಲಗೆಗೆ ಬಾರದ ಮರವಾಗಿದ್ದದ್ದರಿಂದ. ಒಬ್ಬ ಸೌದೆ ಕೊಯ್ಯುವವನ ಕೊಡಲಿ ಅದನ್ನು ನೌಕಾಪಡೆಯ ಗರಗಸದಿಂದ ಉಳಿಸಿತು.

ಸಂಜೆ ಎಮರಿ ಡೌನ್, ಮಿನ್‌ಸ್ಟೆಡ್ ಹಾದು ಲಿಂಡ್‌ಹರ್ಸ್ಟ್ ಮೇಲೆ ಬಂದೆ. ಮಿನ್‌ಸ್ಟೆಡ್ಡಿನ ಇಗರ್ಜಿಯ ಅಂಗಳದಲ್ಲಿ, ಕಟ್ಟಕಡೆಯ ಒಂದು ಮರದಡಿ, ಷರ್ಲಾಕ್ ಹೋಮ್ಸನ ಕರ್ತೃ ಕಾನನ್ ಡಾಯ್ಲ್ ಸಮಾಧಿ. ಲಿಂಡ್‌ಹರ್ಸ್ಟಿನಲ್ಲಿ, ಆಲಿಸ್ ಇನ್ ವಂಡರ್‌ಲ್ಯಾಂಡ್ ಕತೆ ಯಾವ ಹುಡುಗಿಗಾಗಿ ಹುಟ್ಟಿತೋ ಆ ಆಲಿಸಳದು. ಎರಡೂ ಕಡೆ ಒಂದೊಂದು ನಿಮಿಷ ನಿಂತೆ. ಮಿನ್‌ಸ್ಟೆಡ್ ಬಿಟ್ಟ ಮೇಲೆ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಹಂದಿಗಳು.

ಐದು ದೊಡ್ಡ ಹಂದಿ, ಒಂದಿಷ್ಟು ಮರಿ, ರಸ್ತೆಬದಿಯ ಓಕ್ ಮರದಡಿ ಕರಕರ ಅಂತ ಓಕಿನ ಕಾಯಿ ಅಗಿಯುತ್ತಿದ್ದವು. ಆ ಸದ್ದು ನನಗೆ ಇಪ್ಪತ್ತು ಮಾರು ದೂರದಿಂದಲೇ ಕೇಳಿತ್ತು. ಕಾರಿನಲ್ಲಿ ಹೋಗಿದ್ದರೆ ಕೇಳುತ್ತಿರಲಿಲ್ಲ. ಓಕಿನ ಹಸಿಕಾಯಿ ಕುದುರೆಗೂ ದನಕ್ಕೂ ವಿಷ. ಹೆಚ್ಚು ತಿಂದರೆ ಸಾಯುತ್ತವೆ. ಹಂದಿಗೆ ಅದೇ ಹಬ್ಬದೂಟ. ಅದಕ್ಕೇ ಪ್ರತಿ ಶರತ್ಕಾಲದಲ್ಲಿ ಕನಿಷ್ಠ ಅರವತ್ತು ದಿನ ಹಂದಿಗಳನ್ನು ಕಾಡಿಗೆ ಬಿಡುತ್ತಾರೆ. ಕಾಯಿ ಯಾವಾಗ ಉದುರುತ್ತದೆಂದು ನೋಡಿ ದಿನ ಗೊತ್ತುಮಾಡುತ್ತಾರೆ. ನೆಲ ಅತಿಯಾಗಿ ಅಗೆಯದ ಹಾಗೆ ಮೂತಿಗೆ ಉಂಗುರ ಹಾಕಿರುತ್ತಾರೆ. ಪ್ಯಾನೇಜ್ ಅಂತ ಈ ಹಕ್ಕಿನ ಹೆಸರು. ಕುದುರೆ ಉಳಿಯಬೇಕಾದರೆ ಹಂದಿ ಮೇಯಬೇಕು. ಈ ಲೆಕ್ಕಾಚಾರ ಯಾವ ವಿಶ್ವವಿದ್ಯಾಲಯದಲ್ಲೂ ಹುಟ್ಟಿದ್ದಲ್ಲ.

ಎರಡನೇ ದಿನ ಬಯಲು. ಇಲ್ಲಿ ಒಂದು ಹಳೆಯ ಸಾಲ ತೀರಿಸಬೇಕು. ಎಂ.ಎ. ಓದುವಾಗ ನಮಗೆ ಥಾಮಸ್ ಹಾರ್ಡಿಯ ದಿ ರಿಟರ್ನ್ ಆಫ್ ದಿ ನೇಟಿವ್ ಕಾದಂಬರಿ ಪಠ್ಯವಾಗಿತ್ತು. ಅದರ ತುಂಬ ಹೀತ್ ಎಂಬ ಮಾತು. ಹೀತ್ ಅಂದರೇನು ಸರ್ ಅಂತ ಯಾರೋ ಕೇಳಿದರು. ಕುರುಚಲು ಬೆಳೆದ ಬಂಜರು ಅಂತ ಹೇಳಿ ನಮ್ಮ ಪ್ರೊಫೆಸರು ಮುಂದಿನ ಪುಟಕ್ಕೆ ಹೋದರು. ನಾನೂ ಮುಂದೆ ಎಷ್ಟೋ ಹುಡುಗರಿಗೆ ಅದನ್ನೇ ಹೇಳಿದೆ. ಆ ಹುಡುಗರಲ್ಲಿ ಯಾರಾದರೂ ಈಗ ರೇಡಿಯೋ ಕೇಳುತ್ತಿದ್ದರೆ, ಕ್ಷಮಿಸಿ. ಬಂಜರು ತಪ್ಪು.

ಹೀತ್ ಅಂದರೆ ಮೊಣಕಾಲೆತ್ತರದ ಹೆದರ್ ಗಿಡಗಳ ಬಯಲು. ಕಡ್ಡಿಯಂಥ ಗಿಡ, ಸಾಸಿವೆಯಷ್ಟು ಎಲೆ, ಅಕ್ಕಿಕಾಳಿನಷ್ಟು ಹೂ. ಒಂದು ಗಿಡ ಕಿತ್ತು ತೋರಿಸಿದರೆ ಯಾರೂ ಎರಡನೇ ಸಲ ನೋಡುವುದಿಲ್ಲ. ಆಗಸ್ಟಿನಲ್ಲಿ ಅಂಥ ಕೋಟ್ಯಂತರ ಗಿಡ ಒಟ್ಟಿಗೆ ಹೂಬಿಟ್ಟಾಗ ದಿಗಂತದವರೆಗೆ ನೆಲ ನೇರಳೆಯಾಗುತ್ತದೆ. ನಾನು ಹೋದಾಗ ಬಣ್ಣ ಇಳಿಯುತ್ತಿತ್ತು, ತೊಳೆದು ತೊಳೆದು ಮಾಸಿದ ಇಳಕಲ್ ಸೀರೆಯಂತೆ. ಮಧ್ಯೆ ಮಧ್ಯೆ ಜರೀಗಿಡಗಳು ತಾಮ್ರದ ಬಣ್ಣಕ್ಕೆ ತಿರುಗಿದ್ದವು. ಅಲ್ಲಲ್ಲಿ ಗಾರ್ಸ್ ಎಂಬ ಮುಳ್ಳುಪೊದೆ, ಹಳದಿ ಹೂ. ಅದರ ಹೂವಿಗೆ ತೆಂಗಿನಕಾಯಿಯ ವಾಸನೆ. ಸುಳ್ಳಲ್ಲ, ಮೂಗು ಹತ್ತಿರ ಒಯ್ದಾಗ ಊರಿನ ಅಡಿಗೆಮನೆ ನೆನಪಾಯಿತು.

ಈ ಬಯಲೂ ಮನುಷ್ಯ ಮಾಡಿದ್ದೇ. ಮೂರು ನಾಲ್ಕು ಸಾವಿರ ವರ್ಷದ ಹಿಂದೆ, ಕಂಚಿನ ಯುಗದ ರೈತರು ಇಲ್ಲಿಯ ಮರ ಕಡಿದು ಬೇಸಾಯ ಮಾಡಿದರು. ಮರಳುಮಣ್ಣು, ಮಳೆ ಅದರ ಸಾರವನ್ನೆಲ್ಲ ಕೆಳಕ್ಕೆ ತೊಳೆದುಕೊಂಡು ಹೋಯಿತು. ಸಾರ ಹೋದ ಹುಳಿಮಣ್ಣಿನಲ್ಲಿ ಹೆದರ್ ಬಿಟ್ಟರೆ ಬೇರೆ ಹೆಚ್ಚೇನೂ ಬಾಳುವುದಿಲ್ಲ. ಹಾಗಂತ ಬಿಟ್ಟುಬಿಟ್ಟರೆ ಅದೂ ಉಳಿಯುವುದಿಲ್ಲ. ಮೇಯಿಸುವುದು ನಿಂತ ಕೆಲವೇ ವರ್ಷಗಳಲ್ಲಿ ಬರ್ಚ್, ಪೈನ್ ಸಸಿಗಳು ಏಳುತ್ತವೆ. ಆಮೇಲೆ ನೆರಳು, ಆಮೇಲೆ ಹೆದರ್ ಸಾವು. ಕುದುರೆ, ದನ ಮೇದು ಸಸಿ ಅಡಗಿಸುತ್ತವೆ. ಚಳಿಗಾಲದಲ್ಲಿ ಸರದಿ ಪ್ರಕಾರ ತುಂಡು ತುಂಡಾಗಿ ಬೆಂಕಿ ಹಾಕಿ ಮುದಿಗಿಡ ಸುಡುತ್ತಾರೆ. ಬ್ರಿಟನ್ನಿನ ತಗ್ಗುಸೀಮೆಯ ಹೀತ್ ಬಯಲುಗಳಲ್ಲಿ 1800ರಿಂದ ಈಚೆಗೆ ಐದರಲ್ಲಿ ನಾಲ್ಕು ಪಾಲು ಮಾಯವಾಗಿವೆ. ಬಂಜರು ಅಂತ ಉತ್ತರು, ಬಂಜರು ಅಂತ ಪೈನ್ ನೆಟ್ಟರು, ಬಂಜರು ಅಂತ ಮನೆ ಕಟ್ಟಿದರು. ಬಂಜರು ಎಂಬ ಪದಕ್ಕೆ ಇರುವಷ್ಟು ಹಸಿವು ಕೊಡಲಿಗೂ ಇಲ್ಲ.

ಬಯಲಿಗೆ ನಾನು ಹೋದದ್ದು ಒಂದು ಸತ್ತ ರೈಲುದಾರಿಯ ಮೇಲೆ. 1847ರಲ್ಲಿ ಸೌತಾಂಪ್ಟನ್ನಿನಿಂದ ಡಾರ್ಚೆಸ್ಟರಿಗೆ ಹಾಕಿದ ದಾರಿ. ಕ್ಯಾಸಲ್‌ಮನ್ ಎಂಬ ವಕೀಲ ಅದರ ಹಿಂದಿದ್ದ. ಕಾಡಿನ ಮೇಲ್ವಿಚಾರಕರು ಇಲ್ಲಿ ಬೇಡ, ಅಲ್ಲಿ ಬೇಡ ಅಂದದ್ದಕ್ಕೂ, ಊರೂರು ಮುಟ್ಟಬೇಕೆಂದದ್ದಕ್ಕೂ ದಾರಿ ಎಷ್ಟು ಸುತ್ತಿಬಳಸಿ ಹೋಯಿತೆಂದರೆ ಜನ ಅದಕ್ಕೆ ಕ್ಯಾಸಲ್‌ಮನ್ನನ ಬಿರಡೆಸುರುಳಿ ಅಂತ ಹೆಸರಿಟ್ಟರು. 1964ರಲ್ಲಿ ಮುಚ್ಚಿತು. ಹಳಿ ಕಿತ್ತರು, ದಿಬ್ಬ ಉಳಿಯಿತು. ರೈಲಿಗೆ ಏರು ಆಗದಲ್ಲ, ಹಾಗಾಗಿ ದಿಬ್ಬ ಹಲಗೆಯ ಹಾಗೆ ಸಮ. ಅರವತ್ತರ ಮಂಡಿಗೆ ಇದಕ್ಕಿಂತ ಒಳ್ಳೆಯ ದಾರಿ ಸಿಗದು. ನ್ಯೂ ಫಾರೆಸ್ಟಿನ ಅತಿ ಎತ್ತರದ ಜಾಗವೇ 130 ಮೀಟರ್ ಮುಟ್ಟುವುದಿಲ್ಲ. ಏರು ಏನಿದ್ದರೂ ಗಾಳಿಯದು. ಬಯಲಿನಲ್ಲಿ ನೈಋತ್ಯದಿಂದ ಬೀಸುವ ಎದುರುಗಾಳಿಗೆ ಮರೆ ಅನ್ನುವುದಿಲ್ಲ. ಅತಿ ಚಿಕ್ಕ ಗೇರಿಗೆ ಹಾಕಿ, ತಲೆ ತಗ್ಗಿಸಿ, ದೇವರೇ ಅಂತ ತುಳಿದೆ. ಎರಡು ಕಡೆಯೂ ಕೆಳಗೆ ಜೌಗು. ಅಲ್ಲಿ ಹಾವಸೆ ಎಷ್ಟು ತಿಳಿಹಸಿರಾಗಿತ್ತೆಂದರೆ ಇಳಿದು ಮಲಗೋಣ ಅನಿಸಬೇಕು. ಕುದುರೆಗಳು ಮಾತ್ರ ಆ ಹಸಿರಿಗೆ ಕಾಲಿಡದೆ ಅಂಚಿನಲ್ಲೇ ಸುತ್ತಿ ಹೋಗುತ್ತಿದ್ದವು. ಹೋಮ್ಸ್‌ಲಿ ಎಂಬಲ್ಲಿ ಹಳೆಯ ರೈಲುನಿಲ್ದಾಣವೇ ಚಹದಂಗಡಿಯಾಗಿದೆ. ಇಡೀ ದಿನದಲ್ಲಿ ನನಗೆ ಸಿಕ್ಕ ಬಿಸಿ ಪದಾರ್ಥ ಅದೊಂದೇ.

ಅಲ್ಲಿಂದ ಬರ್ಲಿ ಊರಿನ ಕಡೆ ಹೊರಟವನು ಒಂದು ತಪ್ಪು ಮಾಡಿದೆ. ದೂರದಲ್ಲಿ ಒಂದು ಬಿಳಿಕುದುರೆ, ಅದರ ಮರಿ, ಹಿಂದೆ ಮಾಸಿದ ನೇರಳೆ. ಫೋಟೋ ಚೆನ್ನಾಗಿ ಬರುತ್ತದೆಂದು ಜಲ್ಲಿಹಾದಿ ಬಿಟ್ಟು ಹುಲ್ಲಿನ ಮೇಲೆ ನಲವತ್ತು ಮಾರು ಸೈಕಲ್ ಓಡಿಸಿದೆ. ಹಿಂದಿನ ಚಕ್ರ ಉಸ್ ಅಂದಿತು. ನೋಡಿದರೆ ಗಾರ್ಸ್ ಮುಳ್ಳು, ಸೂಜಿಯಷ್ಟು ತೆಳು, ನೇರ ಒಳಗೆ. ಪಂಕ್ಚರ್ ಡಬ್ಬಿ ಸೌತಾಂಪ್ಟನ್ನಿನ ಮೇಜಿನ ಮೇಲೆ. ಸೈಕಲ್ ಬಾಡಿಗೆಗೆ ಕೊಟ್ಟವರ ನಂಬರು ಇತ್ತು. ಫೋನಿನಲ್ಲಿ ಸಿಗ್ನಲ್ ಇರಲಿಲ್ಲ.

ಅರ್ಧ ಗಂಟೆ ತಳ್ಳಿಕೊಂಡು ನಡೆದ ಮೇಲೆ ರಸ್ತೆ ಸಿಕ್ಕಿತು, ಅದರ ಮೇಲೊಂದು ಹಳೆಯ ಪಿಕಪ್ಪೂ ಸಿಕ್ಕಿತು. ಎಪ್ಪತ್ತು ದಾಟಿದ ಮನುಷ್ಯ, ಮೊಣಕಾಲವರೆಗೆ ಕೆಸರಿನ ಬೂಟು. ಏನಾಯಿತು ಅಂತ ಕೇಳಲಿಲ್ಲ. ಚಕ್ರ ನೋಡಿದ, ಆಮೇಲೆ ನಾನು ಬಂದ ಕಡೆಯ ಹುಲ್ಲು ನೋಡಿದ, ಸೈಕಲ್ ಎತ್ತಿ ಹಿಂದೆ ಹಾಕಿದ. ದಾರಿಯಲ್ಲಿ ಮಾತು ಬಂತು. ಅವನಿಗೆ ಹನ್ನೆರಡು ಕುದುರೆ. ಲಾಭ ಉಂಟೇ ಅಂದೆ. ಲಾಭಕ್ಕೆ ಮಾಡುವುದಾದರೆ ಪಿಕಪ್ ಮಾರಿ ಬೆಂಚಿನ ಮೇಲೆ ಕೂತಿದ್ದರೆ ಆಗುತ್ತಿತ್ತು ಅಂದ. ಅಪ್ಪನಿಗಿತ್ತು, ಅಜ್ಜನಿಗಿತ್ತು, ಹಕ್ಕು ಮನೆಯೊಂದಿಗೆ ಬಂದದ್ದು, ಬಿಟ್ಟರೆ ಮನೆಗೆ ಮರ್ಯಾದೆಯಿಲ್ಲ. ಈ ಹಕ್ಕುದಾರರಿಗೆ ಅಲ್ಲಿ ಕಾಮನರ್ ಎನ್ನುತ್ತಾರೆ. ಹಕ್ಕು ಇರುವುದು ಮನುಷ್ಯನಿಗಲ್ಲ, ಅವನ ಮನೆ ಜಮೀನಿಗೆ. ನಮ್ಮ ಕಡೆ ಸೊಪ್ಪಿನಬೆಟ್ಟವೂ ಹಾಗೇ: ನೆಲ ಸರ್ಕಾರದ್ದು, ಸೊಪ್ಪಿನ ಹಕ್ಕು ಅಡಿಕೆ ತೋಟದ್ದು. ಇದನ್ನು ಹೇಳಿದಾಗ ಆ ಮನುಷ್ಯ ಮೊದಲ ಸಲ ನನ್ನ ಮುಖ ಸರಿಯಾಗಿ ನೋಡಿದ.

ಕುದುರೆಗಳ ಬಾಲ ಓದಲು ಕಲಿಸಿದವನೂ ಅವನೇ. ಕಾಡಿನಲ್ಲಿ ಕುದುರೆಗಳ ಯೋಗಕ್ಷೇಮ ನೋಡಲು ಅಜಿಸ್ಟರ್ ಎಂಬ ಐವರು ಸವಾರರಿದ್ದಾರೆ. ಒಬ್ಬೊಬ್ಬನಿಗೆ ಒಂದೊಂದು ಸೀಮೆ. ಶರತ್ಕಾಲದಲ್ಲಿ ಕುದುರೆಗಳನ್ನು ಅಟ್ಟಿ ದೊಡ್ಡಿಗೆ ಸೇರಿಸಿ, ಮೇವಿನ ಶುಲ್ಕ ಕಟ್ಟಿದ್ದಕ್ಕೆ ಗುರುತಾಗಿ ಬಾಲದ ಕೂದಲನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸುತ್ತಾರೆ. ಒಬ್ಬೊಬ್ಬನ ಕತ್ತರಿಯ ವಿನ್ಯಾಸ ಬೇರೆ. ಬಾಲ ನೋಡಿದರೆ ಕುದುರೆ ಯಾವ ಸೀಮೆಯದೆಂದು ಗೊತ್ತು. ಅವರ ಮೇಲೆ ವರ್ಡರರ್ ಎಂಬ ಪಂಚರ ಕೋರ್ಟಿದೆ, ಲಿಂಡ್‌ಹರ್ಸ್ಟಿನಲ್ಲಿ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಕೂಡುತ್ತದೆ. ಯಾರು ಬೇಕಾದರೂ ಹೋಗಿ ಎದ್ದುನಿಂತು ಅಹವಾಲು ಹೇಳಬಹುದು.

ಒಂದು ಕಾಲಕ್ಕೆ ದೊರೆಯ ಕಾನೂನು ನಡೆಸುತ್ತಿದ್ದ ಈ ಕೋರ್ಟು ಕಾಮನರ್‌ಗಳ ಕಡೆಗೆ ತಿರುಗಿದ್ದು ಸುಮ್ಮನೆ ಅಲ್ಲ. 1851ರಲ್ಲಿ ಸರ್ಕಾರ ಒಂದು ಕಾಯಿದೆ ತಂದು, ಜಿಂಕೆ ತೆಗೆಯುತ್ತೇವೆ, ಅದರ ಬದಲಿಗೆ ಹತ್ತು ಸಾವಿರ ಎಕರೆಗೆ ಬೇಲಿ ಹಾಕಿ ಮರ ನೆಡುತ್ತೇವೆ ಅಂದಿತು. ಮೇವು ಹೋಗುತ್ತದೆಂದು ಹಕ್ಕುದಾರರು ತಿರುಗಿಬಿದ್ದರು. ಕಾಡಿನ ಚೆಲುವು ಹೋಗುತ್ತದೆಂದು ಲಂಡನ್ನಿನ ಓದುಬಲ್ಲವರೂ ದನಿಗೂಡಿಸಿದರು. ಕಡೆಗೆ 1877ರಲ್ಲಿ ನ್ಯೂ ಫಾರೆಸ್ಟ್ ಕಾಯಿದೆ ಬಂತು. ಹೊಸ ಬೇಲಿ ನಿಂತಿತು, ಹಳೆಯ ಕಾಡಿಗೆ ಕೊಡಲಿ ತಪ್ಪಿತು, ವರ್ಡರರ್ ಕೋರ್ಟು ಹಕ್ಕುದಾರರ ಪ್ರತಿನಿಧಿಯಾಯಿತು. ಮರುವರ್ಷ, 1878ರಲ್ಲಿ, ಅದೇ ಬ್ರಿಟಿಷ್ ಆಳ್ವಿಕೆ ಇಂಡಿಯನ್ ಫಾರೆಸ್ಟ್ ಆಕ್ಟ್ ತಂದಿತು. ಆಗ ಬೊಂಬಾಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಉತ್ತರ ಕನ್ನಡಕ್ಕೂ ಅದು ಬಂತು. ಇಲ್ಲಿ ಕಾಡು ಮೀಸಲಾಯಿತು. ತಲೆಮಾರುಗಳಿಂದ ಮೇಯಿಸುತ್ತಿದ್ದವರ, ಸೌದೆ ತರುತ್ತಿದ್ದವರ ಹಕ್ಕು ಸವಲತ್ತಾಯಿತು, ಸವಲತ್ತು ಇಲಾಖೆಯ ದಯೆಯಾಯಿತು. ತಮ್ಮ ಮನೆಯಂಗಳದಲ್ಲಿ, ದನ ಮೇಯಿಸುವವರಿಂದಲೇ ಕಾಡು ಉಳಿಯುತ್ತದೆ ಎಂದು ಒಪ್ಪಿ ಒಂದು ವರ್ಷ ಕಳೆಯುವುದರೊಳಗೆ ನಮ್ಮಲ್ಲಿ ಅವರಿಗೆ ಬೇಲಿ. ಪಿಕಪ್ಪಿನಲ್ಲಿ ಕೂತು ಇದನ್ನು ಲೆಕ್ಕಹಾಕಿದಾಗ ಹೊಟ್ಟೆಯಲ್ಲಿ ಏನೋ ತಿರುವಿದಂತಾಯಿತು. ಆ ಮನುಷ್ಯನಿಗೆ ಹೇಳಲಿಲ್ಲ. ಅವನು ಮಾಡಿದ್ದಲ್ಲ ಅದು.

ಇಳಿಸುವಾಗ ಅವನು ಒಂದು ಮಾತು ಹೇಳಿದ, ಬೈಗುಳ ಅಂತ ಗೊತ್ತಾಗದಷ್ಟು ಮೆತ್ತಗೆ: ಜಲ್ಲಿ ಬಿಟ್ಟು ಹೋಗಬೇಡ. ಸೈಕಲ್ಲು ಗುರುತು ಹಾಕಿದ ಜಲ್ಲಿಹಾದಿಯ ಮೇಲೂ ಡಾಂಬರು ರಸ್ತೆಯ ಮೇಲೂ ಮಾತ್ರ ಹೋಗಬೇಕೆಂಬುದು ಅಲ್ಲಿಯ ಕಟ್ಟಳೆ. ಕಾರಣ ನೆಲದ ಮೇಲೇ ಗೂಡು ಮಾಡುವ ಹಕ್ಕಿಗಳು. ಟಿಟ್ಟಿಭದ ಜಾತಿಯದೊಂದು ಹಕ್ಕಿ, ಉದ್ದ ಕೊಕ್ಕಿನ ಕರ್ಲೂ, ಆಫ್ರಿಕದಿಂದ ಬೇಸಿಗೆಗೆ ಬರುವ ನತ್ತಿಂಗ. ನತ್ತಿಂಗ ಗೂಡನ್ನೂ ಕಟ್ಟುವುದಿಲ್ಲ. ತರಗೆಲೆ ಬಣ್ಣದ ಮೈಯನ್ನು ನಂಬಿ ಬರೀ ನೆಲದ ಮೇಲೆ ಮೊಟ್ಟೆಯಿಟ್ಟು ಕೂರುತ್ತದೆ. ಮೇ, ಜೂನ್ ತಿಂಗಳಲ್ಲಿ ನನ್ನಂಥವನೊಬ್ಬ ಫೋಟೋಗೆಂದು ನಲವತ್ತು ಮಾರು ಒಳಗೆ ಹೋದರೆ ಸಾಕು. ಸೆಪ್ಟೆಂಬರಿನಲ್ಲಿ ಹಕ್ಕಿಗಳು ಹೋಗಿಯಾಗಿತ್ತು. ನನ್ನ ಚಕ್ರವೊಂದೇ ತೂತಾದದ್ದು.

ಮೂರನೇ ದಿನ ಹೆಚ್ಚು ತುಳಿಯಲಿಲ್ಲ. ಬ್ರಾಕನ್‌ಹರ್ಸ್ಟಿನ ಹಳೆಯ ಸೇಂಟ್ ನಿಕೊಲಸ್ ಇಗರ್ಜಿ ಊರ ಹೊರಗೆ ಒಂದು ದಿಣ್ಣೆಯ ಮೇಲಿದೆ. ಅಂಗಳದಲ್ಲಿ ಸಾವಿರ ವರ್ಷ ದಾಟಿದ ಒಂದು ಯೂ ಮರ, ಒಳಗೆ ಟೊಳ್ಳು. ಕೆತ್ತಿದ ಫಲಕವುಳ್ಳ, ಹಾವು ಹಿಡಿಯುತ್ತಿದ್ದ ಒಬ್ಬನ ಸಮಾಧಿಯೂ ಇದೆ. ಬ್ರಷರ್ ಮಿಲ್ಸ್ ಅಂತ, ಇದ್ದಿಲು ಸುಡುವವರ ಗುಡಿಸಲಲ್ಲಿದ್ದು ಕವಲುಕೋಲಿನಿಂದ ಸಾವಿರಾರು ಹಾವು ಹಿಡಿದವನು, 1905ರಲ್ಲಿ ಸತ್ತ. ನಾನು ಹುಡುಕಿಕೊಂಡು ಹೋದದ್ದು ಬೇರೆ ಕಲ್ಲು.

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಕಂದಕಗಳಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳನ್ನು ಈ ಊರಿಗೆ ತಂದರು. ಲೇಡಿ ಹಾರ್ಡಿಂಜ್ ಹೆಸರಿನ ಆಸ್ಪತ್ರೆ ತೆರೆದರು. ಊರಿನಲ್ಲಿ ಇವತ್ತಿಗೂ ಮೀರತ್ ರಸ್ತೆ ಅಂತ ಒಂದು ರಸ್ತೆಯಿದೆ. ಆ ಆಸ್ಪತ್ರೆಯಲ್ಲಿ ಬರೇಲಿಯಿಂದ ಬಂದ ಸುಖಾ ಎಂಬ ಝಾಡಮಾಲಿ ಕೆಲಸಕ್ಕಿದ್ದ. 1915ರ ಜನವರಿ 12ರಂದು ತೀರಿಕೊಂಡ, ಮೂವತ್ತು ವರ್ಷ. ಊರಿನಲ್ಲಿ ಹೇಳುವ ಕತೆಯಂತೆ, ಅಸ್ಪೃಶ್ಯನೆಂದು ಹಿಂದೂಗಳ ಚಿತೆಯಲ್ಲಿ ಅವನಿಗೆ ಜಾಗ ಸಿಗಲಿಲ್ಲ, ಮುಸಲ್ಮಾನನಲ್ಲವೆಂದು ಅವರ ಮಣ್ಣೂ ಸಿಗಲಿಲ್ಲ. ಇಗರ್ಜಿಯ ಪಾದ್ರಿ ತನ್ನ ಅಂಗಳದಲ್ಲಿ ಜಾಗ ಕೊಟ್ಟ. ಊರವರು ಚಂದಾ ಎತ್ತಿ ಕಲ್ಲು ನಿಲ್ಲಿಸಿದರು. ಅವನ ಹೆಸರು, ಮೊಹಲ್ಲ, ಊರು, ಮಾಡಿದ ಕೆಲಸ, ಎಲ್ಲ ಅದರ ಮೇಲೆ ಬರೆದಿದ್ದಾರೆ. ಅಕ್ಷರಗಳಲ್ಲಿ ಹಾವಸೆ ಹಿಡಿದಿತ್ತು. ಸೈಕಲ್ ಗೋಡೆಗೆ ಒರಗಿಸಿ, ಕರ್ಚೀಪಿನಿಂದ ಒರೆಸಿ ಓದಿದೆ. ಆಚೆ ಬೇಲಿಯ ಹೊರಗೆ ಒಂದು ಕುದುರೆ ಹುಲ್ಲು ಹರಿಯುವ ಸದ್ದು ಕೇಳುತ್ತಿತ್ತು.

ಕೇಳುಗರೇ, ನಿಮ್ಮ ಮಕ್ಕಳೋ ಮೊಮ್ಮಕ್ಕಳೋ ಲಂಡನ್, ರೆಡಿಂಗ್, ಸೌತಾಂಪ್ಟನ್ ಕಡೆ ಇದ್ದು, ನೀವು ಅಲ್ಲಿಗೆ ಹೋಗಿ ಮನೆಯೊಳಗೆ ಹೀಟರಿನ ಪಕ್ಕ ಕೂತು ಬೇಸರಪಡುವಂತಾದರೆ, ಒಂದು ದಿನ ಬ್ರಾಕನ್‌ಹರ್ಸ್ಟಿಗೆ ರೈಲು ಹತ್ತಿ. ಹೂ ಬೇಕಾದರೆ ಆಗಸ್ಟ್ ಕೊನೆ, ಹಂದಿ ನೋಡಬೇಕಾದರೆ ಸೆಪ್ಟೆಂಬರ್ ಕೊನೆ. ನಕ್ಷೆ ಕಾಗದದ್ದೇ ಇರಲಿ. ಪಂಕ್ಚರ್ ಡಬ್ಬಿ ಮರೆಯಬೇಡಿ. ಕಾಡಿನ ಗಡಿಯಲ್ಲಿ ರಸ್ತೆಗೆ ಅಡ್ಡವಾಗಿ ಕಬ್ಬಿಣದ ಸರಳಿನ ದನತಡೆ ಬರುತ್ತದೆ. ಮಳೆ ಬಂದಿದ್ದರೆ ಅದರ ಮೇಲೆ ಬ್ರೇಕ್ ಹಿಡಿಯದೆ, ಹ್ಯಾಂಡಲ್ ತಿರುಗಿಸದೆ ನೇರ ದಾಟಿ. ಕುದುರೆಗೆ ಬಿಸ್ಕತ್ತು ಹಾಕಬೇಡಿ, ಅಲ್ಲಿ ಅದಕ್ಕೆ ನಿಷೇಧವಿದೆ. ಅದು ದಾರಿಯ ನಡುವೆ ನಿಂತಿದ್ದರೆ ಸೈಕಲ್ಲಿನಿಂದ ಇಳಿದು ನೀವೂ ನಿಂತುಕೊಳ್ಳಿ, ಬೆಲ್ ಮಾತ್ರ ಹೊಡೆಯಬೇಡಿ.